ಡೈವ್ ಮುಗಿಸಿ ಘಾಟಿ ಹತ್ತುವ ಮುನ್ನ: ಮಲೆನಾಡಿನ ಕಲಿಕಾರ್ಥಿಗಳಿಗೆ ಸಾರಜನಕದ ಲೆಕ್ಕ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಸ್ಕೂಬಾ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಡಿ ಈಜುವುದು) ಕಲಿಯಲು ಹೊರಡುವವರು ಸಾಮಾನ್ಯವಾಗಿ ಮುರುಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಕಲಿಕೆಯ ಪುಸ್ತಕಗಳಲ್ಲಿ ‘ಡೈವ್ ನಂತರ ವಿಮಾನ ಪ್ರಯಾಣ’ ಎಂಬ ಪಾಠ ತಪ್ಪದೆ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ವಿಮಾನ ಹತ್ತುವುದಿಲ್ಲ, ಗೇರುಸೊಪ್ಪೆ ಘಾಟಿಯನ್ನೋ ಕೊಲ್ಲೂರು ಘಾಟಿಯನ್ನೋ ಹತ್ತಿ ಮನೆಗೆ ಬರುತ್ತೇವೆ. ಡೈವ್ ವೇಳೆ ದೇಹದಲ್ಲಿ ಕರಗಿ, ಒತ್ತಡ ಇಳಿದಾಗ ಗುಳ್ಳೆಗಟ್ಟಬಲ್ಲ ಸಾರಜನಕಕ್ಕೆ ವಿಮಾನ ಯಾವುದು, ಬಸ್ ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಹೊರಗಿನ ಒತ್ತಡವೊಂದೇ. ಮಲೆನಾಡಿನ ಡೈವರ್‌ಗೆ ಊರಿಗೆ ಮರಳುವ ದಾರಿಯೂ ನೀರಿನಿಂದ ಮೇಲೇರುವುದರ ಕೊನೆಯ ಹಂತವೇ. ಆ ಕಾರಣಕ್ಕೆ ಇಡೀ ಸಿದ್ಧಾಂತವನ್ನು ಇಲ್ಲಿ ಘಾಟಿಯ ಕಡೆಯಿಂದ ಬಿಡಿಸಿದ್ದೇನೆ.

ಒತ್ತಡ ಮತ್ತು ಉಸಿರು

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1 ಬಾರ್. ಉಪ್ಪುನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ಬಾರ್ ಸೇರುತ್ತದೆ. ಹೀಗಾಗಿ 18 ಮೀಟರ್ ಆಳದಲ್ಲಿ ಒಟ್ಟು ಒತ್ತಡ 2.8 ಬಾರ್. ಅಲ್ಲಿ ಎಳೆದುಕೊಳ್ಳುವ ಗಾಳಿಯೂ ಅದೇ ಒತ್ತಡದಲ್ಲಿರುತ್ತದೆ. 10 ಮೀಟರ್ ಆಳದಲ್ಲಿ ತುಂಬಿದ ಶ್ವಾಸಕೋಶದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಮೇಲೇರುವಾಗ ಉಸಿರು ಬಿಗಿಹಿಡಿಯಬಾರದು ಎಂಬುದು ಬಾಯ್ಲ್ ನಿಯಮದ (ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ) ನೇರ ಫಲ. ಇದನ್ನು ಎಲ್ಲ ಶಿಕ್ಷಕರೂ ಮೊದಲ ದಿನವೇ ಚೆನ್ನಾಗಿ ಕಲಿಸುತ್ತಾರೆ. ಇಲ್ಲಿ ಇಷ್ಟು ಸಾಕು.

ಹೆಚ್ಚು ತಾಳ್ಮೆ ಬೇಡುವುದು ಹೆನ್ರಿಯ ನಿಯಮ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ. ಗಾಳಿಯಲ್ಲಿ ಸಾರಜನಕ ಶೇ. 79ರಷ್ಟಿದೆ. ಮೇಲ್ಮೈಯಲ್ಲಿ ಅದರ ಪಾಲಿನ ಒತ್ತಡ 0.79 ಬಾರ್, 18 ಮೀಟರ್‌ನಲ್ಲಿ ಸುಮಾರು 2.2 ಬಾರ್. ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಸಾರಜನಕವನ್ನು ಬಳಸುವುದಿಲ್ಲ, ಅದು ರಕ್ತದ ಮೂಲಕ ಹೋಗಿ ಅಂಗಾಂಶಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಬಂದ ದಾರಿಯಲ್ಲೇ ಉಸಿರಿನೊಡನೆ ಹೊರಹೋಗುತ್ತದೆ. ಒತ್ತಡ ಬೇಗನೆ ಕುಸಿದರೆ ಅಲ್ಲಲ್ಲೇ ಗುಳ್ಳೆಗಟ್ಟುತ್ತದೆ. ಈ ಗುಳ್ಳೆಗಳಿಂದ ಬರುವುದೇ ಡಿಕಂಪ್ರೆಷನ್ ಕಾಯಿಲೆ. ಕಾರಣ ಸಾರಜನಕದ ಗುಳ್ಳೆಗಳೇ ಎಂದು 1878ರಲ್ಲಿ ವಿವರಿಸಿದವನು ಫ್ರಾನ್ಸಿನ ಪಾಲ್ ಬೆರ್. ಅದಕ್ಕೂ ಮೊದಲೇ, ಸೇತುವೆಗಳ ಅಡಿಪಾಯಕ್ಕಾಗಿ ಒತ್ತಡ ತುಂಬಿದ ಕೋಣೆಗಳಲ್ಲಿ ಮಣ್ಣು ಅಗೆಯುತ್ತಿದ್ದ ಕಾರ್ಮಿಕರು ಈ ನೋವಿಗೆ ಬಲಿಯಾಗಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರನ್ನೂ ಅದು ಬಿಡಲಿಲ್ಲ.

ಅರ್ಧಾವಧಿ: ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ

ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಸಾರಜನಕ ತುಂಬಿಕೊಳ್ಳುವುದಿಲ್ಲ, ಬಿಡುವುದೂ ಇಲ್ಲ. ಆಷಾಢದ ಮಳೆಯಲ್ಲಿ ನೆನೆದ ಪಂಚೆ ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿಗೆ ಒಣಗಿದರೆ ಕಂಬಳಿಗೆ ದಿನಗಟ್ಟಲೆ ಬೇಕು. ರಕ್ತ ಹೆಚ್ಚು ಹರಿಯುವ ಅಂಗಾಂಶಕ್ಕೂ ಕಡಿಮೆ ಹರಿಯುವ ಅಂಗಾಂಶಕ್ಕೂ ಇರುವ ಅಂತರ ಅಂಥದು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಇದಕ್ಕೊಂದು ಗಣಿತ ಕೊಟ್ಟರು. ದೇಹವನ್ನು 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿಯ ಐದು ಕಾಲ್ಪನಿಕ ವಿಭಾಗಗಳಾಗಿ ನೋಡಿದರು.

ಅರ್ಧಾವಧಿ ಎಂದರೆ ಬಾಕಿ ಉಳಿದ ಅಂತರದ ಅರ್ಧದಷ್ಟು ತುಂಬಲು ಹಿಡಿಯುವ ಸಮಯ. 5 ನಿಮಿಷದ ವಿಭಾಗ 5 ನಿಮಿಷದಲ್ಲಿ ಶೇ. 50, 10 ನಿಮಿಷದಲ್ಲಿ ಶೇ. 75, 15 ನಿಮಿಷದಲ್ಲಿ ಶೇ. 87.5 ತುಂಬುತ್ತದೆ. ಆರು ಅರ್ಧಾವಧಿ ಕಳೆದಾಗ ಶೇ. 98ನ್ನು ದಾಟುತ್ತದೆ, ಲೆಕ್ಕಕ್ಕೆ ಅದನ್ನು ಪೂರ್ತಿ ಎಂದು ಹಿಡಿಯುತ್ತಾರೆ. ಖಾಲಿಯಾಗುವುದಕ್ಕೂ ಇದೇ ಲೆಕ್ಕ. ‘ಎರಡು ಅರ್ಧಾವಧಿಗೆ ಪೂರ್ತಿ ತುಂಬಿತು’ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ: ಪ್ರತಿ ಸಲವೂ ಅರ್ಧವಾಗುವುದು ಉಳಿದ ಭಾಗವೇ.

ಅಂಗಾಂಶದ ಒತ್ತಡ ಹೊರಗಿನದರ ಎರಡು ಪಟ್ಟಿನೊಳಗೆ ಇದ್ದರೆ ತೊಂದರೆಯಿಲ್ಲ ಎಂಬುದು ಹಾಲ್ಡೇನ್ ಅವರ ಅಂದಾಜಾಗಿತ್ತು. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ರಾಬರ್ಟ್ ವರ್ಕ್‌ಮನ್ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಮಿತಿ ನಿಗದಿಪಡಿಸಿದರು: ವೇಗದ ಅಂಗಾಂಶಗಳಿಗೆ ಸ್ವಲ್ಪ ಸಡಿಲ, ನಿಧಾನದವಕ್ಕೆ ಬಿಗಿ. ಆಮೇಲೆ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಬ್ಯೂಲ್ಮನ್ ಬಂದರು. ನಮ್ಮಂಥವರು ಅವರನ್ನು ವಿಶೇಷವಾಗಿ ನೆನೆಯಬೇಕು, ಏಕೆಂದರೆ ಅವರು ಗಮನ ಹರಿಸಿದ್ದು ಎತ್ತರದ ಪರ್ವತ ಸರೋವರಗಳಲ್ಲಿನ ಡೈವಿಂಗ್ ಮೇಲೆ. ಅವರ 16 ವಿಭಾಗಗಳ ಮಾದರಿ ಇಂದು ನೀರಿನಡಿ ಆಳ, ಸಮಯದ ಲೆಕ್ಕ ಇಡುವ ಬಹಳಷ್ಟು ಡೈವ್ ಕಂಪ್ಯೂಟರ್‌ಗಳ ಒಳಗಿದೆ. ಅದರ ಅತಿ ನಿಧಾನದ ವಿಭಾಗದ ಅರ್ಧಾವಧಿ 635 ನಿಮಿಷ. ಆರರಿಂದ ಗುಣಿಸಿ ನೋಡಿ: 63 ಗಂಟೆಗೂ ಹೆಚ್ಚು.

ನೀರಿನೊಳಗಿನ ನಿಯಮಗಳು

ಇಲ್ಲಿ ಡೈವಿಂಗ್ ಕಲಿಸುವ ಎಲ್ಲ ಸಂಸ್ಥೆಗಳ ಪಾಠವೂ ಹೆಚ್ಚುಕಡಿಮೆ ಒಂದೇ. ಮೊದಲ ಹಂತದ ಪ್ರಮಾಣಪತ್ರಕ್ಕೆ 18 ಮೀಟರ್ ಮಿತಿ. ಹವ್ಯಾಸಿ ಡೈವಿಂಗ್‌ನ ಗಡಿ 40 ಮೀಟರ್. ಅವುಗಳಲ್ಲೊಂದಾದ ಪ್ಯಾಡಿ (PADI) ಸಂಸ್ಥೆಯ ಕೋಷ್ಟಕದ ಪ್ರಕಾರ, ಮೇಲೇರುವಾಗ ನಡುವೆ ನಿಲುಗಡೆಯ ಕಡ್ಡಾಯವಿಲ್ಲದೆ ನೀರಿನಡಿ ಇರಬಹುದಾದ ಸಮಯ 18 ಮೀಟರ್‌ಗೆ 56 ನಿಮಿಷ, 30 ಮೀಟರ್‌ಗೆ 20, 40 ಮೀಟರ್‌ಗೆ ಕೇವಲ 9. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರಲಿ. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಿ. ಈ ಸುರಕ್ಷತಾ ನಿಲುಗಡೆಯನ್ನು ಐಚ್ಛಿಕ ಎಂದು ಹೇಳುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಒತ್ತಡದ ಅನುಪಾತ ಅತಿ ಬೇಗ ಬದಲಾಗುವುದು ಕೊನೆಯ 10 ಮೀಟರ್‌ನಲ್ಲೇ. ದೋಣಿಯಲ್ಲಿ ವಾಂತಿಯಾಗಿ ದೇಹದ ನೀರು ಇಳಿದಿದ್ದರೆ, ಹಿಂದಿನ ರಾತ್ರಿ ಮದ್ಯ ಸೇವಿಸಿದ್ದರೆ, ಡೈವ್ ಮುಗಿದ ಬೆನ್ನಲ್ಲೇ ಭಾರೀ ದೇಹಶ್ರಮ ಮಾಡಿದರೆ ಅಪಾಯ ಹೆಚ್ಚು.

ಈಗ ಘಾಟಿ

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 93ರ ಆಸುಪಾಸು. ಆಗುಂಬೆ ಸುಮಾರು 640 ಮೀಟರ್. ಕೊಡಚಾದ್ರಿಯ ತುದಿ 1343 ಮೀಟರ್. ಅಲ್ಲಿ ಒತ್ತಡ ಶೇ. 85ಕ್ಕೆ ಇಳಿಯುತ್ತದೆ. ಡೈವ್ ನಂತರ ಯಾವ ಲಕ್ಷಣವನ್ನೂ ತೋರದ ಸಣ್ಣ ಗುಳ್ಳೆಗಳು ಆರೋಗ್ಯವಂತರ ರಕ್ತದಲ್ಲೂ ಇರಬಹುದು. ಬಾಯ್ಲ್ ನಿಯಮ ಹಚ್ಚಿದರೆ ಅಂಥ ಗುಳ್ಳೆ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಸುಮಾರು ಶೇ. 7ರಷ್ಟು, ಕೊಡಚಾದ್ರಿಯ ಮೇಲೆ ಸುಮಾರು ಶೇ. 17ರಷ್ಟು ಹಿಗ್ಗುತ್ತದೆ. ಹಿಗ್ಗುವುದಷ್ಟೇ ಆಗಿದ್ದರೆ ಚಿಂತೆ ಕಡಿಮೆ ಇರುತ್ತಿತ್ತು. ಹೊರಗಿನ ಒತ್ತಡ ಇಳಿದಂತೆ ಅಂಗಾಂಶದಲ್ಲಿ ಇನ್ನೂ ಕರಗಿರುವ ಸಾರಜನಕವೂ ಗುಳ್ಳೆಯೊಳಕ್ಕೆ ಸೇರತೊಡಗುತ್ತದೆ. ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಡೈವಿಂಗ್ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ನಡೆಸಿದ ತಜ್ಞರ ಸಭೆಯ ಸಲಹೆ ಇದು: ನಿಲುಗಡೆಯ ಕಡ್ಡಾಯವಿಲ್ಲದ ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ ಕಾಯಬೇಕು, ದಿನಕ್ಕೆ ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ, ಕಡ್ಡಾಯ ನಿಲುಗಡೆ ಬೇಕಾದ ಡೈವ್ ಆಗಿದ್ದರೆ ಅದಕ್ಕಿಂತಲೂ ಸಾಕಷ್ಟು ಹೆಚ್ಚು. ವಿಮಾನದೊಳಗಿನ ಒತ್ತಡ 2,000ದಿಂದ 8,000 ಅಡಿ, ಅಂದರೆ 610ರಿಂದ 2,438 ಮೀಟರ್ ಎತ್ತರಕ್ಕೆ ಸಮನಾಗಿರುವಾಗ ಈ ಸಲಹೆ ಅನ್ವಯಿಸುತ್ತದೆ. ಆಗುಂಬೆ ಆ ಕೆಳಗಿನ ಗೆರೆಯನ್ನು ದಾಟುತ್ತದೆ, ಶಿವಮೊಗ್ಗ ಸ್ವಲ್ಪದರಲ್ಲಿ ಕೆಳಗೇ ಉಳಿಯುತ್ತದೆ. ಹಾಗೆಂದು ಶಿವಮೊಗ್ಗದವರು ನಿರಾಳರಾಗಬಾರದು. ಡೈವ್ ಮಾಡುವ ಸ್ಥಳ 300 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಎತ್ತರದ ನಿಯಮ ಪಾಲಿಸಿ ಎಂದು ಪ್ಯಾಡಿ ಕಲಿಸುತ್ತದೆ. ಅಮೆರಿಕದ ನೌಕಾಪಡೆಯ ಕೋಷ್ಟಕಗಳು 1,000 ಅಡಿಯ ಏರಿಕೆಯಿಂದಲೇ ಕಾಯುವ ಅವಧಿಯನ್ನು ಲೆಕ್ಕ ಹಾಕುತ್ತವೆ. ಮೇಲಾಗಿ 12 ಮತ್ತು 18 ಗಂಟೆಗಳು ಸಾರಜನಕ ಪೂರ್ತಿ ಖಾಲಿಯಾಗುವ ಅವಧಿಗಳಲ್ಲ. 63 ಗಂಟೆಯ ಲೆಕ್ಕವನ್ನು ಈಗಷ್ಟೇ ನೋಡಿದೆವು. ಅವು ಅಪಾಯ ಒಪ್ಪಬಹುದಾದಷ್ಟು ತಗ್ಗುವ ಅವಧಿಗಳು.

ಹೀಗಾಗಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿದವರು ಅಂದು ರಾತ್ರಿ ಕರಾವಳಿಯಲ್ಲೇ ಉಳಿಯಬೇಕು. ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದರೆ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ 6ಕ್ಕೆ. ಒಂದು ರಾತ್ರಿಯ ಕೋಣೆ ಬಾಡಿಗೆಯನ್ನು ಕೋರ್ಸಿನ ಖರ್ಚಿಗೇ ಸೇರಿಸಿಕೊಳ್ಳಿ. ಡೈವ್ ಮುಗಿಸಿ ಸಂಜೆಗೆ ಕೊಲ್ಲೂರು, ಮರುದಿನ ನಸುಕಿಗೆ ಜೀಪಿನಲ್ಲಿ ಕೊಡಚಾದ್ರಿ ಎಂಬ ವಾರಾಂತ್ಯದ ಯೋಜನೆ ಬಹಳ ಆಕರ್ಷಕ. ಅದನ್ನು ತಿರುಗಿಸಿ: ಮೊದಲು ಬೆಟ್ಟ, ಆಮೇಲೆ ಕಡಲು. ಎತ್ತರದಿಂದ ಇಳಿದು ಬಂದವರ ದೇಹದಲ್ಲಿ ಸಾರಜನಕ ತುಸು ಕಡಿಮೆಯೇ ಇರುವುದರಿಂದ ಆ ಕ್ರಮದಲ್ಲಿ ತೊಂದರೆಯಿಲ್ಲ.

ಸಿಹಿನೀರಿನ ಲೆಕ್ಕವನ್ನೂ ಅಭ್ಯಾಸಕ್ಕೆ ಮಾಡಿ ನೋಡಿ. ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ 1,819 ಅಡಿ, ಅಂದರೆ ಸುಮಾರು 554 ಮೀಟರ್. ಅಷ್ಟು ಎತ್ತರದ ನೀರಿನಲ್ಲಿ 18 ಮೀಟರ್ ಇಳಿದರೆ ಕೋಷ್ಟಕದಲ್ಲಿ ನೋಡಬೇಕಾದ ಆಳ 18 ಭಾಗಿಸು 0.936 (ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿನ ಗಾಳಿಯ ಒತ್ತಡ), ಅಂದರೆ 19.2 ಮೀಟರ್. ಮುಂದಿನ ಸಾಲು 20 ಮೀಟರ್. ಸಮಯ 56ರಿಂದ 45 ನಿಮಿಷಕ್ಕೆ ಇಳಿಯುತ್ತದೆ. ಸಾಗರದವರ ದೇಹ ಆ ಒತ್ತಡಕ್ಕೆ ಮೊದಲೇ ಹೊಂದಿಕೊಂಡಿರುತ್ತದೆ. ಮಂಗಳೂರಿನಿಂದ ಅಂದೇ ಬಂದವರು ಮಾತ್ರ ಆರು ಗಂಟೆ ಕಾಯಬೇಕು, ಇಲ್ಲವೇ ಹೆಚ್ಚುವರಿ ಸಾರಜನಕವನ್ನು ಲೆಕ್ಕಕ್ಕೆ ಸೇರಿಸಬೇಕು. ಡೈವ್ ಕಂಪ್ಯೂಟರ್ ಎತ್ತರವನ್ನು ತಾನೇ ಗುರುತಿಸುತ್ತದೆಯೋ, ಕೈಯಿಂದ ಹೊಂದಿಸಬೇಕೋ ಎಂಬುದನ್ನು ಅದರ ಕೈಪಿಡಿಯಲ್ಲಿ ಓದಿ ತಿಳಿಯಿರಿ.

ಲಕ್ಷಣ ಕಂಡಾಗ

ಭುಜ, ಮೊಣಕೈ, ಮಂಡಿಯಲ್ಲಿ ಆಳವಾದ ನೋವು, ಜೋಮು, ಚುಚ್ಚಿದ ಅನುಭವ, ಚರ್ಮದ ಮೇಲೆ ಕಲೆ, ಕಾರಣವಿಲ್ಲದ ದಣಿವು, ತಲೆ ತಿರುಗುವುದು, ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು. ಹೆಚ್ಚಿನವರಲ್ಲಿ ಮೊದಲ ಕೆಲವು ಗಂಟೆಗಳಲ್ಲೇ, ಬಹುತೇಕ ಎಲ್ಲರಲ್ಲಿ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ‘ಸಿಲಿಂಡರ್ ಹೊತ್ತದ್ದಕ್ಕೆ ಭುಜ ನೋಯುತ್ತಿದೆ’ ಎಂದು ಎಣ್ಣೆ ತಿಕ್ಕಿಕೊಂಡು ಮಲಗುವುದು ಎಲ್ಲಕ್ಕಿಂತ ಅಪಾಯಕಾರಿ. ಡೈವ್ ನಂತರದ ನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಈ ಕಾಯಿಲೆ ಎಂದೇ ಭಾವಿಸಿ.

ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ. ಶೇ. 100 ಆಮ್ಲಜನಕ ಕೊಡಿಸಿ: ಉಸಿರಿನಲ್ಲಿ ಸಾರಜನಕವೇ ಇಲ್ಲದಿದ್ದಾಗ ದೇಹದೊಳಗಿನದು ಬೇಗ ಹೊರಬರುತ್ತದೆ. ಎಚ್ಚರವಿದ್ದು, ವಾಂತಿಯಿಲ್ಲದಿದ್ದರೆ ನೀರು ಕುಡಿಸಬಹುದು. ಮತ್ತೆ ನೀರಿಗಿಳಿಸಿ ಗುಣಪಡಿಸುವ ಪ್ರಯತ್ನ ಬೇಡವೇ ಬೇಡ. ನಿಜವಾದ ಚಿಕಿತ್ಸೆ ಒಳಗಿನ ಒತ್ತಡ ಏರಿಸಬಲ್ಲ ಮುಚ್ಚಿದ ಕೋಣೆಯಾದ ಹೈಪರ್‌ಬೇರಿಕ್ ಚೇಂಬರ್. ಹೆಚ್ಚಾಗಿ ಬಳಸುವ ಕ್ರಮದಲ್ಲಿ 18 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ ಆಮ್ಲಜನಕ ಕೊಡಲು ಶುರುಮಾಡುತ್ತಾರೆ, ಒಟ್ಟು ಐದು ಗಂಟೆಯ ಹತ್ತಿರ ಹಿಡಿಯುತ್ತದೆ. ದೋಣಿಯಲ್ಲಿ ಆಮ್ಲಜನಕ ಇದೆಯೇ, ತುರ್ತಿನಲ್ಲಿ ಯಾವ ಚೇಂಬರಿಗೆ ಕರೆದೊಯ್ಯುತ್ತಾರೆ ಎಂದು ಹಣ ಕಟ್ಟುವ ಮೊದಲೇ ಡೈವ್ ಕೇಂದ್ರದವರನ್ನು ಕೇಳಿ.

ಕರಾವಳಿಯಲ್ಲಿರುವಾಗಲೇ ಲಕ್ಷಣ ಕಂಡರೆ ‘ನಮ್ಮೂರಿನ ಡಾಕ್ಟರಿಗೆ ತೋರಿಸೋಣ’ ಎಂದು ಘಾಟಿ ಹತ್ತಿಸಬೇಡಿ. 108ಕ್ಕೆ ಕರೆ ಮಾಡಿ, ಹೆದ್ದಾರಿ 66ರ ಗುಂಟ ತಗ್ಗಿನಲ್ಲೇ ಆಸ್ಪತ್ರೆಗೆ ಸಾಗಿಸಿ. ಊರು ತಲುಪಿದ ಮೇಲೆ ಕಂಡರೆ ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲ ಮಾತಾಗಿ ‘ಸ್ಕೂಬಾ ಡೈವ್ ಮಾಡಿದ್ದೇನೆ’ ಎಂದು ಹೇಳಿ. ಮಲೆನಾಡಿನ ವೈದ್ಯರಿಗೆ ಇಂಥ ರೋಗಿ ಅಪರೂಪ. ಡೈವಿಂಗ್ ವೈದ್ಯಕೀಯ ಬಲ್ಲವರೊಡನೆ ಅವರು ಫೋನಿನಲ್ಲಿ ಮಾತನಾಡುವಂತೆ ಕೋರಿ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಡೈವ್, ನೀರಿನಿಂದ ಎದ್ದ ಸಮಯ, ಘಾಟಿ ಹತ್ತಿದ ಸಮಯ, ಮೊದಲ ಲಕ್ಷಣ ಕಂಡ ಸಮಯ ಇಷ್ಟನ್ನೂ ಚೀಟಿಯಲ್ಲಿ ಬರೆದು ಡೈವ್ ಕಂಪ್ಯೂಟರಿನೊಂದಿಗೆ ರೋಗಿಯ ಬಳಿಯೇ ಇಡಿ. ಡೈವಿನ ಜೊತೆಗಾರನೂ ಅದೇ ಆಳದಲ್ಲಿ ಅಷ್ಟೇ ಹೊತ್ತು ಇದ್ದವನು. ಅವನಿಗೆ ಫೋನ್ ಮಾಡಿ ವಿಚಾರಿಸಿ, ಅವನನ್ನೂ ವೈದ್ಯರು ನೋಡಲಿ.