ಚದರಡಿಗೆ ಎಷ್ಟು ಎಂದು ಕೇಳುವ ಮೊದಲು ತಾರಸಿಯ ಮೇಲೆ ಏನಿದೆ ನೋಡಿ

"ತಾರಸಿ ಸೋರ್ತಿದೆ ಸಾರ್, ಎಲ್ಲಾ ಹೊಸದಾಗಿ ಮಾಡಿಸ್ಬೇಕು, ಚದರಡಿಗೆ ಎಷ್ಟಾಗುತ್ತೆ?" ಮಳೆಗಾಲ ಹತ್ತಿರ ಬಂದಂತೆಲ್ಲ ಸಿವಿಲ್ ಎಂಜಿನಿಯರುಗಳಿಗೆ ಬರುವ ಫೋನ್ ಇದು. ಫೋನಿನಲ್ಲೇ ರೇಟ್ ಹೇಳಿಬಿಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಹೇಳುವುದು ಮೇಲೆ ಬಳಿಯುವ ಲೇಪನದ ರೇಟ್ ಅಷ್ಟೇ. ತಾರಸಿಯ ಖರ್ಚು ನಿಂತಿರುವುದು ಹೊಸದಾಗಿ ಏನು ಹಾಕುತ್ತೀರಿ ಎಂಬುದರ ಮೇಲಲ್ಲ. ಈಗಾಗಲೇ ಅಲ್ಲಿ ಏನೇನು, ಎಷ್ಟೆಷ್ಟು ದಪ್ಪಕ್ಕೆ ಬಿದ್ದಿದೆ ಎಂಬುದರ ಮೇಲೆ.

ಇಪ್ಪತ್ತು ಮೂವತ್ತು ವರ್ಷದ ಮನೆಯ ತಾರಸಿ ಅಗೆದರೆ ಸಾಮಾನ್ಯವಾಗಿ ಕಾಣುವುದು ಹೀಗೆ: ಕೆಳಗೆ ಆರ್‌ಸಿಸಿ ಮೋಲ್ಡ್, ಅಂದರೆ ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಛಾವಣಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಗಾರೆಯ ಪದರವಾದ ಕೋಬಾ, ಅದು ಸೋರಿದಾಗ ಹಾಕಿಸಿದ ಒಂದೂವರೆ ಇಂಚು ಸಿಮೆಂಟ್ ಗಾರೆ, ಅದು ಬಿರುಕು ಬಿಟ್ಟಾಗ ಬಳಿದ ಬಿಳಿ ಬಣ್ಣ, ಅದೂ ಎದ್ದು ಬಂದಾಗ ಕೂರಿಸಿದ ಕೂಲಿಂಗ್ ಟೈಲ್ಸ್. ಇಷ್ಟೆಲ್ಲದರ ಮೇಲೆ ಇನ್ನೊಂದು ಪದರ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂಬ ನಂಬಿಕೆ ಮಾತ್ರ ಕರಗುವುದೇ ಇಲ್ಲ.

ತೂಕದ ಲೆಕ್ಕ ನೋಡಿ. ಹನ್ನೆರಡು ಚದರದ, ಅಂದರೆ 1200 ಚದರಡಿಯ ತಾರಸಿಗೆ ಒಂದು ಇಂಚು ಗಾರೆ ಹಾಕಿದರೆ 100 ಘನ ಅಡಿ. ಘನ ಅಡಿಗೆ ಸುಮಾರು 60 ಕೆಜಿಯಂತೆ 6 ಟನ್. ಚದರ ಮೀಟರಿಗೆ ಐವತ್ತು ಕೆಜಿಗೂ ಮೇಲೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವ ಬಳಕೆಯ ಭಾರ, ಅಂದರೆ ಜನ, ಸಾಮಾನಿನ ಭಾರ, ಚದರ ಮೀಟರಿಗೆ 150 ಕೆಜಿ. ಮೂರು ಇಂಚು ಹೆಚ್ಚುವರಿ ಗಾರೆ ಬಿತ್ತೆಂದರೆ ಆ ಮಿತಿ ಪೂರ್ತಿ ಮುಗಿಯಿತು. ಮದುವೆಮನೆಯ ಜನ, ನೀರಿನ ಟ್ಯಾಂಕ್, ಹೂಕುಂಡಗಳೆಲ್ಲ ಆಮೇಲಿನವು. ವಿನ್ಯಾಸ ಮಾಡಿದವರು ಒಂದು ಪದರ ಕೋಬಾದ ತೂಕವನ್ನು ಹಿಡಿದಿರುತ್ತಾರೆ. ಎರಡನೆಯದು, ಮೂರನೆಯದು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಭಾರ ಹಾಗಿರಲಿ, ಪದರದ ಮೇಲೆ ಪದರ ಬಿದ್ದರೆ ಸೋರುವುದೂ ನಿಲ್ಲುವುದಿಲ್ಲ. ಹಳೆಯ ಕೋಬಾ ಮಳೆ ನೀರನ್ನು ಹೀರಿಕೊಂಡು ಕೂತಿರುತ್ತದೆ. ಮೇಲೆ ಲೇಪನ ಬಳಿದರೆ ಆ ನೀರಿಗೆ ಮೇಲಿನ ದಾರಿ ಮುಚ್ಚಿತು, ಕೆಳಗಿನ ದಾರಿ ಉಳಿಯಿತು. ಬೇಸಿಗೆಯ ಬಿಸಿಲಿಗೆ ಅದು ಆವಿಯಾಗಿ ಲೇಪನವನ್ನು ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಒಡೆದ ಕಡೆ ಮುಂದಿನ ಮಳೆ ಒಳಗಿಳಿಯುತ್ತದೆ. ನೀರು ಪದರಗಳ ನಡುವೆ ಹರಿದು, ಎಲ್ಲಿ ಕರೆಂಟ್ ಪೈಪ್ ಅಥವಾ ಫ್ಯಾನ್ ಬಾಕ್ಸ್ ಸಿಗುತ್ತದೋ ಅಲ್ಲಿ ಕೆಳಗೆ ಇಳಿಯುತ್ತದೆ. ಹಾಲಿನ ಫ್ಯಾನಿನ ಹತ್ತಿರ ಹನಿ ಬೀಳುತ್ತಿದ್ದರೆ ತೂತು ಅದರ ನೆತ್ತಿಯ ಮೇಲೇ ಇರಬೇಕಾಗಿಲ್ಲ. ಹದಿನೈದು ಅಡಿ ಆಚೆ ಪ್ಯಾರಪೆಟ್ಟಿನ ಬುಡದಲ್ಲಿ ಇರಬಹುದು.

ಆದ್ದರಿಂದ ಯಾರನ್ನೂ ರೇಟ್ ಕೇಳುವ ಮೊದಲು ಮೂರು ಕಡೆ ಒಂದಡಿ ಅಗಲದ ಗುಂಡಿ ತೋಡಿಸಿ, ಮೋಲ್ಡ್ ಕಾಣುವವರೆಗೆ. ಒಂದು ಮಳೆ ನೀರು ಇಳಿಯುವ ಪೈಪಿನ ಹತ್ತಿರ, ಒಂದು ನಡುವೆ, ಒಂದು ಪೈಪಿನಿಂದ ಅತಿ ದೂರದ ಮೂಲೆಯಲ್ಲಿ. ಪ್ರತಿ ಪದರದ ದಪ್ಪ ಅಳೆದು ಬರೆದುಕೊಳ್ಳಿ. ಒಬ್ಬ ಗಾರೆ ಕೆಲಸದವರ ಅರ್ಧ ದಿನದ ಕೂಲಿ ಖರ್ಚಾಗಬಹುದು. ಗುಂಡಿಗಳನ್ನು ಅಂದೇ ಮುಚ್ಚಿಸಿ. ಈ ಮೂರು ಅಳತೆ ಇಲ್ಲದೆ ಬಂದ ಎರಡು ಕೊಟೇಶನ್ ಹೋಲಿಸುವುದರಲ್ಲಿ ಅರ್ಥವಿಲ್ಲ.

ಹಳೆಯದನ್ನು ತೆಗೆಯುವುದೇ ದೊಡ್ಡ ಬಾಬ್ತು. ಸರಾಸರಿ ನಾಲ್ಕು ಇಂಚಿನ ಕೋಬಾ ಎಂದರೆ ಹನ್ನೆರಡು ಚದರಕ್ಕೆ 400 ಘನ ಅಡಿ, ಸುಮಾರು 20 ಟನ್. ಒಡೆದ ಮೇಲೆ ಉಬ್ಬಿ 600 ಘನ ಅಡಿಯಷ್ಟಾಗುತ್ತದೆ. ನೂರು ಘನ ಅಡಿಯ ಟ್ರ್ಯಾಕ್ಟರಿನಲ್ಲಿ ಆರು ಲೋಡು. ಅದನ್ನು ಇಳಿಸುವುದು, ಸಾಗಿಸುವುದು, ಅನುಮತಿ ಇರುವ ಜಾಗದಲ್ಲಿ ಸುರಿಯುವುದು ಎಲ್ಲಕ್ಕೂ ದುಡ್ಡು. ಇಲ್ಲಿ ಒಂದು ಎಚ್ಚರಿಕೆ: ದೊಡ್ಡ ಬ್ರೇಕರ್ ಹಾಕಿ ಒಡೆಯಲು ಬಿಡಬೇಡಿ, ಅದರ ಹೊಡೆತಕ್ಕೆ ಕೆಳಗಿನ ಮೋಲ್ಡೇ ಬಿರಿಯುತ್ತದೆ. ಉಳಿ ಸುತ್ತಿಗೆ ಅಥವಾ ಚಿಕ್ಕ ಚಿಪ್ಪಿಂಗ್ ಯಂತ್ರ ಸಾಕು. ಒಡೆದ ರಾಶಿಯನ್ನು ತಾರಸಿಯ ಮೇಲೆ, ಕೆಳಗಿನ ರೂಮಿನ ನಡುಮಧ್ಯಕ್ಕೆ ಬರುವಂತೆ ಗುಡ್ಡೆ ಹಾಕದೆ ಅಂದಂದೇ ಕೆಳಗಿಳಿಸಬೇಕು.

ಮೋಲ್ಡ್ ಕಂಡ ಮೇಲೆ ದುರಸ್ತಿ ಸಾಕೋ, ಮೋಲ್ಡನ್ನೇ ತೆಗೆಯಬೇಕೋ ಎಂಬ ಪ್ರಶ್ನೆ. ಹೆಚ್ಚಿನ ಮನೆಗಳಿಗೆ ದುರಸ್ತಿ ಸಾಕು. ಒಳಗಿನಿಂದ ಸೀಲಿಂಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುವ ಜಾಗ, ಕಂಬಿಯ ಗುಂಟ ನೇರವಾಗಿ ಓಡುವ ಬಿರುಕು, ತುಕ್ಕಿನ ಕಂದು ಕಲೆ, ಇವು ಕಂಬಿ ತುಕ್ಕು ಹಿಡಿದಿರುವ ಗುರುತು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ತಿನ್ನುವುದರಿಂದ ಕಾಂಕ್ರೀಟ್ ಚೆಕ್ಕೆ ಚೆಕ್ಕೆಯಾಗಿ ಉದುರುತ್ತದೆ. ಗೋಡೆಯಿಂದ ಗೋಡೆಗೆ ದಾರ ಬಿಗಿದು ಜಗ್ಗು ಅಳೆಯಿರಿ. ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456ರ ಪ್ರಕಾರ ಒಟ್ಟು ಜಗ್ಗು ಅಂಕಣದ, ಅಂದರೆ ಆಧಾರದಿಂದ ಆಧಾರದವರೆಗಿನ, ಉದ್ದದ 250ರಲ್ಲಿ ಒಂದು ಪಾಲನ್ನು ಮೀರಬಾರದು; ಹನ್ನೆರಡಡಿ ರೂಮಿಗೆ ಸುಮಾರು 15 ಮಿಮೀ. ಮೀರಿದ ಮಾತ್ರಕ್ಕೆ ಮನೆ ಬಿದ್ದೇ ಹೋಯಿತು ಎಂದಲ್ಲ, ಕಟ್ಟುವಾಗಲೇ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಕೆಳಗೆ ಕಟ್ಟಿದ ಹಲಗೆ, ಜಗ್ಗಿದ್ದಿರಬಹುದು. ಆದರೆ ಜಗ್ಗು, ಟೊಳ್ಳು, ತುಕ್ಕು ಮೂರೂ ಒಟ್ಟಿಗೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಮುಂದುವರಿಯಬೇಡಿ. ಕರಾವಳಿಯ ಮನೆಗಳಲ್ಲಿ ಉಪ್ಪಿನ ಗಾಳಿ ಇದನ್ನು ಬೇಗ ತರುತ್ತದೆ. ಅಲ್ಲಿ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದು ಒಳ್ಳೆಯ ಉಪಾಯವೇ, ಕಂಬಗಳನ್ನು ಮೋಲ್ಡಿಗೆ ತೂತು ಹೊಡೆದು ನಿಲ್ಲಿಸದಿದ್ದರೆ. ಆದರೆ ಒಳಗೆ ಆಗಲೇ ಹಿಡಿದ ತುಕ್ಕು ಶೀಟಿನಿಂದ ವಾಸಿಯಾಗುವುದಿಲ್ಲ.

ಬೆಂಗಳೂರು, ಮೈಸೂರಿನ ಹಳೆಯ ಮದ್ರಾಸ್ ಟೆರೇಸ್ ಮನೆಗಳ ಮಾತು ಬೇರೆ. ಮರದ ತೊಲೆಯ ಮೇಲೆ ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕೂರಿಸಿದ ಆ ಛಾವಣಿ ಉಸಿರಾಡಬೇಕು. ಅದರ ಮೇಲೆ ಸಿಮೆಂಟ್, ತಾರಿನ ಶೀಟ್ ಹಾಕಿದರೆ ತೇವ ಒಳಗೇ ಉಳಿದು ತೊಲೆ ಕೊಳೆಯುತ್ತದೆ. ಸುಣ್ಣದ ಕೆಲಸ ಗೊತ್ತಿರುವವರನ್ನೇ ಹುಡುಕಿ.

ಮೋಲ್ಡ್ ಗಟ್ಟಿ ಇದ್ದರೆ ಕೆಲಸದ ಕ್ರಮ ಇದು: ಬಿರುಕುಗಳನ್ನು ಅಗಲಿಸಿ ಪಾಲಿಮರ್ ಗಾರೆ ತುಂಬಬೇಕು. ಪ್ಯಾರಪೆಟ್ ಮತ್ತು ಮೋಲ್ಡ್ ಕೂಡುವ ಮೂಲೆಗೆ ಎರಡು ಮೂರು ಇಂಚಿನ ಗೋಲಾ, ಅಂದರೆ ಮೂಲೆ ತುಂಬುವ ದುಂಡನೆಯ ಗಾರೆ, ಕಟ್ಟಬೇಕು. ನೀರು ಪೈಪಿನ ಕಡೆ ಹರಿಯಲು ನೂರಕ್ಕೆ ಒಂದರಂತೆ ವಾಟ (ಇಳಿಜಾರು) ಕೊಡಬೇಕು. ಪೈಪ್ 20 ಅಡಿ ದೂರ ಇದ್ದರೆ ಆ ತುದಿ ಎರಡೂವರೆ ಇಂಚು ಎತ್ತರ ಬರುತ್ತದೆ. ಹಳೆಯದನ್ನು ಕೀಳದೆ ಈ ವಾಟ ಕೊಡಲು ಹೋದರೆ ಮೆಟ್ಟಿಲು ಕೋಣೆಯ ಹೊಸ್ತಿಲಿಗಿಂತ ತಾರಸಿ ಮೇಲೆ ಬಂದು ನೀರು ಒಳಗೆ ನುಗ್ಗುತ್ತದೆ. ನಾಲ್ಕು ಇಂಚಿನ ಪೈಪ್ ಸುಮಾರು 400 ಚದರಡಿಗೆ ಒಂದು ಬೇಕು. ಹನ್ನೆರಡು ಚದರಕ್ಕೆ ಮೂರು ಎಂದಾಯಿತು. ಅನೇಕ ಮನೆಗಳಲ್ಲಿ ಇರುವುದು ಒಂದೇ. ಆಮೇಲೆ ನೀರುನಿರೋಧಕ ಪದರ, ಅದನ್ನು ಪ್ಯಾರಪೆಟ್ಟಿನ ಮೇಲೂ ಒಂದಡಿ ಹತ್ತಿಸಬೇಕು. ಪೈಪಿನ ಬಾಯಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ನೋಡಿ, ಸೀಲಿಂಗ್ ಒಣಗಿದ್ದರೆ ಮಾತ್ರ ಮೇಲಿನ ರಕ್ಷಣಾ ಗಾರೆ.

ಬೆಂಗಳೂರಿನ ಸುತ್ತಮುತ್ತ ಇಷ್ಟೂ ಸೇರಿ ಚದರಡಿಗೆ 220ರಿಂದ 350 ರೂಪಾಯಿ ಎಂದು ಅಂದಾಜು ಇಟ್ಟುಕೊಳ್ಳಬಹುದು. ಊರು, ಮಹಡಿ, ರಸ್ತೆಯ ಅಗಲದ ಮೇಲೆ ಇದು ಬದಲಾಗುತ್ತದೆ. ಸೋಲಾರ್ ಹೀಟರ್, ಟ್ಯಾಂಕ್ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಬೇರೆ. ಮೋಲ್ಡನ್ನೇ ತೆಗೆದು ಹಾಕುವುದಾದರೆ ಇದರ ಎರಡೂವರೆ ಮೂರು ಪಟ್ಟು ಆದರೂ ಆಶ್ಚರ್ಯವಿಲ್ಲ. ಐದು ಇಂಚಿನ ಮೋಲ್ಡಿಗೆ 500 ಘನ ಅಡಿ ಕಾಂಕ್ರೀಟ್, ಅಂದರೆ ಎಂ20 ಎಂಬ ದರ್ಜೆಯ ಕಾಂಕ್ರೀಟ್ ಮಿಶ್ರಣದಲ್ಲಿ ಸುಮಾರು 110 ಮೂಟೆ ಸಿಮೆಂಟ್, ತೊಲೆಗಳನ್ನು ಬಿಟ್ಟು ಒಂದರಿಂದ ಒಂದೂವರೆ ಟನ್ ಕಂಬಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ, ಅದಕ್ಕೂ ಹಿಂದಿನ ಅಂದಾಜುಪಟ್ಟಿ ಕೈಯಲ್ಲಿದ್ದರೆ ತಿದ್ದಿಸಿ. ಜನ ಮರೆಯುವುದು ಇವನ್ನು: ಮೋಲ್ಡಿನೊಳಗಿನ ವೈರಿಂಗ್ ಪೈಪ್, ಹೊಸ ಪ್ಯಾರಪೆಟ್, ಸೀಲಿಂಗ್ ಪ್ಲಾಸ್ಟರ್, ಬಣ್ಣ, ಅಷ್ಟು ದಿನದ ಬಾಡಿಗೆ ಮನೆ. ಅಂಕಣ 4.5 ಮೀಟರಿನೊಳಗೆ ಇದ್ದರೆ ಹೊಸ ಮೋಲ್ಡಿನ ಕೆಳಗಿನ ಆಧಾರದ ಕಂಬಗಳು ಕನಿಷ್ಠ 7 ದಿನ, ಮೀರಿದರೆ 14 ದಿನ ನಿಲ್ಲಬೇಕು.

ಇಷ್ಟು ಹೇಳಿದ ಮೇಲೂ "ಈ ವರ್ಷ ಲೇಪನವೇ ಸಾಕು, ಮಗಳ ಮದುವೆ ಇದೆ" ಎನ್ನುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಒಂದೆರಡು ಮಳೆಗಾಲ ದಾಟಿಸಲು ಲೇಪನ ಬಳಿಸಿ, ತಪ್ಪಿಲ್ಲ. ಆದರೆ ಬಿರುಕು ಮತ್ತು ಪ್ಯಾರಪೆಟ್ ಬುಡವನ್ನು ಮೊದಲು ಸರಿ ಮಾಡಿಸಿ, "ಎರಡು ಕೋಟ್" ಎಂಬ ಮಾತಿಗೆ ಒಪ್ಪಬೇಡಿ. ಒಣಗಿದ ಮೇಲೆ ಎಷ್ಟು ಮಿಲಿಮೀಟರ್ ಎಂದು ಬರೆಸಿಕೊಳ್ಳಿ. ಅರ್ಧದಷ್ಟು ಘನಾಂಶ ಇರುವ ಅಕ್ರಿಲಿಕ್ ಲೇಪನ ಒಂದು ಮಿಮೀ ನಿಲ್ಲಬೇಕಾದರೆ ಚದರ ಮೀಟರಿಗೆ ಎರಡು ಲೀಟರ್ ಬೇಕು. ಹನ್ನೆರಡು ಚದರ ಎಂದರೆ 111 ಚದರ ಮೀಟರ್, 222 ಲೀಟರ್, ಇಪ್ಪತ್ತು ಲೀಟರಿನ ಹನ್ನೊಂದು ಬಕೆಟ್ಟಿಗೂ ತುಸು ಮೇಲೆ. ಕೆಲಸದವರು ತಂದಿರುವುದು ನಾಲ್ಕೇ ಬಕೆಟ್ ಆಗಿದ್ದರೆ ಕೆಲಸ ಶುರುವಾಗುವ ಮೊದಲೇ ನಿಲ್ಲಿಸಿ ಕೇಳಿ. ಖಾಲಿ ಬಕೆಟ್ಟುಗಳನ್ನು ಎಣಿಸಿದ ಮೇಲೆ ಹಣ ಕೊಡಿ, ಶೇ. 10ರಷ್ಟನ್ನು ಮೊದಲ ಜೋರು ಮಳೆ ಮುಗಿಯುವವರೆಗೆ ಉಳಿಸಿಕೊಳ್ಳುವುದಾಗಿ ಒಪ್ಪಂದದಲ್ಲೇ ಬರೆಸಿ.