ಬ್ಯಾಗಿನ ತಳದ ನೀರು

ಕಳೆದ ಜುಲೈಯಲ್ಲಿ ಚೆಂಬೂರಿನ ಹೋಟೆಲ್ ಮಾಲೀಕರೊಬ್ಬರು ತಮ್ಮ ಏಳನೇ ನಂಬರ್ ಐರನ್, ಅಂದರೆ ಲೋಹದ ಹೆಡ್ಡಿನ ಗಾಲ್ಫ್ ಕೋಲು, ತಂದು ನನ್ನ ರಿಪೇರಿ ಮೇಜಿನ ಮೇಲಿಟ್ಟರು. ನಮ್ಮ ಉಡುಪಿ ಕಡೆಯವರು. "ಎಂಥ ಮಾರಾಯ್ರೆ, ಅಲ್ಲಾಡಿಸಿದ್ರೆ ಒಳಗೆ ಮರಳು ತುಂಬಿದ ಹಾಗೆ ಶಬ್ದ ಬರ್ತದೆ" ಎಂದರು.

ಹೊರಗಿಂದ ಕೋಲು ಫಳಫಳ. ಕೈಯಲ್ಲಿ ಹಿಡಿಯುವ ಕಡೆಯ ರಬ್ಬರ್ ಗ್ರಿಪ್ ಸೀಳಿ ತೆಗೆದೆ. ಹಳೇ ಪೇಪರ್ ಹಾಸಿ, ಕೊಳವೆಯಂಥ ಶಾಫ್ಟನ್ನು ಓರೆಯಾಗಿ ಹಿಡಿದು ತಟ್ಟಿದೆ. ಒಂದು ಚಮಚದಷ್ಟು ಕಂದು ಪುಡಿ ಉದುರಿತು. ಅವರು ಬಗ್ಗಿ ನೋಡಿ, "ಫಿಲ್ಟರಿಗೆ ಹಾಕುವ ಪುಡಿ ಹಾಗೇ ಉಂಟಲ್ಲ!" ಎಂದರು. ತುಕ್ಕು ಅದು.

ಮುಂಬೈಯಲ್ಲಿ ಗಾಲ್ಫ್ ಕೋಲುಗಳು ಹೊಡೆದು ಹೊಡೆದು ಹಾಳಾಗುವುದು ಕಡಿಮೆ. ಒದ್ದೆಯಾಗಿಯೇ ಎತ್ತಿಟ್ಟು ಹಾಳಾಗುವುದೇ ಜಾಸ್ತಿ. ಸ್ಟೀಲ್ ಶಾಫ್ಟಿನ ಹೊರಮೈಗೆ ಕ್ರೋಮ್ ಲೇಪ ಇರುತ್ತದೆ, ಒಳಗೆ ಸಾಮಾನ್ಯವಾಗಿ ಬರೀ ಉಕ್ಕು. ಗ್ರಿಪ್ಪಿನ ತುದಿಯಲ್ಲಿ ಒಂದು ಸಣ್ಣ ತೂತು ಇದೆ ನೋಡಿ, ಹೊಸ ಗ್ರಿಪ್ ಹಾಕುವಾಗ ಗಾಳಿ ಹೊರಗೆ ಹೋಗಲಿ ಅಂತ ಬಿಟ್ಟದ್ದು. ಈಗ ಯೋಚಿಸಿ. ಬ್ಯಾಗಿನಲ್ಲಿ ಕೋಲು ನಿಲ್ಲುವುದು ಗ್ರಿಪ್ ಕೆಳಗಾಗಿ. ಮಳೆನೀರು ಶಾಫ್ಟ್ ಗುಂಟ ಇಳಿದು ಸೇರುವುದು ಬ್ಯಾಗಿನ ತಳಕ್ಕೆ. ಆ ತೂತು ರಾತ್ರಿಯಿಡೀ ನೀರಲ್ಲೇ ಕೂತಿರುತ್ತದೆ. ನೀವು ಚೆಂಡಿಗೆ ತಾಗುವ ಹೆಡ್ಡುಗಳನ್ನು ಟವೆಲಿನಿಂದ ಚೆನ್ನಾಗಿ ಒರೆಸಿ, ನೆಮ್ಮದಿಯಾಗಿ ಮನೆಗೆ ಹೋಗಿರುತ್ತೀರಿ!

ಹಾಗಾಗಿ ಮಳೆಯಲ್ಲಿ ಆಡಿ ಬಂದ ದಿನ ಮೊದಲು ಕೋಲುಗಳನ್ನೆಲ್ಲ ಹೊರಗೆ ತೆಗೆಯಿರಿ. ಬ್ಯಾಗನ್ನು ಬೋರಲು ಹಾಕಿ, ಜಿಪ್‌ಗಳನ್ನು ತೆರೆದಿಡಿ. ಕೋಲುಗಳನ್ನು ಫ್ಯಾನಿನ ಕೆಳಗೆ ಅಡ್ಡ ಮಲಗಿಸಿ. ದೂರ ಹೊಡೆಯುವ ಕೋಲು ಡ್ರೈವರಿನ ಹೆಡ್‌ಕವರ್ ಬೇರೆ ಒಣಗಲಿ. ಒದ್ದೆ ಕವರ್ ಹಾಕಿಟ್ಟರೆ ಹಸಿ ಬಟ್ಟೆ ಸುತ್ತಿಟ್ಟಂತೆಯೇ.

ಇನ್ನು ಕಾರಿನ ಡಿಕ್ಕಿ. ವಾರಪೂರ್ತಿ ಕಿಟ್ ಅಲ್ಲೇ ಬಿಡುವವರು ತುಂಬ ಜನ. ಹೆಡ್ಡನ್ನೂ ಶಾಫ್ಟನ್ನೂ ಹಿಡಿದಿಟ್ಟಿರುವುದು ಎಪಾಕ್ಸಿ ಅಂಟು. ಹೆಡ್ ಬಿಚ್ಚಬೇಕಾದರೆ ನಾನು ಮಾಡುವುದೂ ಅಷ್ಟೇ, ಬಿಸಿ ಮಾಡಿ ಅಂಟು ಸಡಿಲಿಸುತ್ತೇನೆ. ಮೇ ತಿಂಗಳ ಬಿಸಿಲಿನ ಡಿಕ್ಕಿ ನನ್ನ ಹೀಟ್ ಗನ್ನಿನಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ದಿನವೂ ಕಾದು, ರಾತ್ರಿ ತಣಿದು, ಮತ್ತೆ ಕಾದು ಅಂಟು ಸೋಲುತ್ತದೆ. ಶಾಫ್ಟ್ ಹೆಡ್ಡಿಗೆ ಸೇರುವ ಕಡೆ ಕಪ್ಪು ಪ್ಲಾಸ್ಟಿಕ್ ಉಂಗುರ ಇದೆಯಲ್ಲ, ಫೆರೂಲ್ ಅಂತೀವಿ, ಅದರ ಮೇಲೆ ಕಣ್ಣಿಡಿ. ಅದು ಮೇಲೆ ಸರಿದು ಹೆಡ್ಡಿಗೂ ಅದಕ್ಕೂ ಸಂದು ಕಂಡರೆ, ಅಥವಾ ಹೊಡೆದಾಗ ಟಿಕ್ ಅಂದರೆ, ಆ ಕೋಲನ್ನು ರಿಪೇರಿಯವರಿಗೆ ತೋರಿಸುವವರೆಗೆ ಬೀಸಬೇಡಿ. ಹೆಡ್ ಕಳಚಿ ಹಾರಿದರೆ ಪಕ್ಕದಲ್ಲಿ ಬ್ಯಾಗ್ ಹೊತ್ತು ನಿಂತ ಕ್ಯಾಡಿಯ ಗತಿ?

ತೊಳೆಯುವುದಕ್ಕೆ ದುಬಾರಿ ದ್ರಾವಣ ಏನೂ ಬೇಡ. ಬಕೆಟಿನಲ್ಲಿ ಎರಡು ಮೂರು ಇಂಚು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒಂದು ಹಳೇ ಟೂತ್‌ಬ್ರಶ್. ಐರನ್ ಹೆಡ್ಡುಗಳನ್ನು ಮಾತ್ರ ಅದ್ದಿ, ಫೆರೂಲ್ ಮುಳುಗದಿರಲಿ. ಡ್ರೈವರ್ ಮತ್ತು ಅದರಂತೆಯೇ ದಪ್ಪ ಹೆಡ್ಡಿನ ವುಡ್‌ಗಳನ್ನು ಅದ್ದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೆಡ್ಡಿನ ಮುಖದ ಗೆರೆಗಳೊಳಗಿನ ಮಣ್ಣನ್ನು, ಚೆಂಡು ಕೂರಿಸುವ ಮರದ ಟೀಯಿಂದ ಕೆದಕಿ. ಸ್ಕ್ರೂಡ್ರೈವರ್ ಹಾಕುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಗೆರೆಯ ಆಕಾರ ಬದಲಾದರೆ ಕೋಲು ಆಟದ ನಿಯಮಕ್ಕೇ ಹೊರಗಾಗಬಹುದು. ಪಾತ್ರೆ ಉಜ್ಜುವ ತಂತಿಯೂ ಬೇಡ. ಕ್ರೋಮ್ ಗೀರಿದರೆ ತುಕ್ಕು ಅಲ್ಲಿಂದಲೇ ಶುರು. ಚೆಂಡನ್ನು ಎತ್ತರಕ್ಕೆ ಹಾರಿಸುವ ವೆಜ್ ಕೋಲನ್ನು ಲೇಪವಿಲ್ಲದೆ ಇಷ್ಟಪಡುವವರು ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಸವರಬಹುದು. ಗ್ರಿಪ್ಪಿಗೆ ಮಾತ್ರ ಎಣ್ಣೆ ತಾಗಿಸಬೇಡಿ.

ಗ್ರಿಪ್ಪಿನ ಶತ್ರು ಬೆವರು, ಸನ್‌ಸ್ಕ್ರೀನ್. ಅದೇ ಸೋಪುನೀರಲ್ಲಿ ಬಟ್ಟೆ ಅದ್ದಿ ತಿಕ್ಕಿ ಒರೆಸಿದರೆ ಹಿಡಿತ ವಾಪಸ್ ಬರುತ್ತದೆ. ಬರದಿದ್ದರೆ, ಕನ್ನಡಿಯಂತೆ ಹೊಳೆಯತೊಡಗಿದರೆ, ಬದಲಾಯಿಸಿ. ವರ್ಷಕ್ಕೊಮ್ಮೆ ಅಥವಾ ಸುಮಾರು 40 ರೌಂಡ್ ಆಟಕ್ಕೊಮ್ಮೆ ಎನ್ನುವುದು ನಮ್ಮ ಕಸುಬಿನ ರೂಢಿ ಲೆಕ್ಕ. ಪುಣೆಯಿಂದ ಬರುವ ಕಿಟ್‌ಗಳಲ್ಲಿ ರಬ್ಬರ್ ಒಣಗಿ ಗಟ್ಟಿಯಾದದ್ದು ಜಾಸ್ತಿ, ಮುಂಬೈಯವುಗಳಲ್ಲಿ ಜಿಡ್ಡು ಜಾಸ್ತಿ. ಸವೆದ ಗ್ರಿಪ್ ಜಾರುತ್ತದೆ ಅಂತ ಕೈ ಬಿಗಿ ಹಿಡಿಯುತ್ತೀರಿ, ಕೈ ಬಿಗಿದರೆ ಸ್ವಿಂಗ್ ಕೆಡುತ್ತದೆ. ಆಮೇಲೆ ಸುಮ್ನೆ ಕೋಚ್‌ಗೆ ದುಡ್ಡು.

ಹೋಟೆಲಿನವರ ಏಳನೇ ಐರನ್ನಿಗೆ ಹೊಸ ಶಾಫ್ಟ್ ಹಾಕಿದೆ. ಉಳಿದ ಐರನ್‌ಗಳನ್ನೂ ತರಿಸಿ ಗ್ರಿಪ್ ತೆಗೆದು ನೋಡಿದರೆ, ಇನ್ನೂ ಮೂರರಲ್ಲಿ ಅದೇ ಪುಡಿ. ಈಗ ಮಳೆಯಲ್ಲಿ ಆಡಿ ಬಂದ ದಿನ ಅವರ ಕೋಲುಗಳು ಹೋಟೆಲಿನ ಫ್ಯಾಮಿಲಿ ರೂಮಿನ ಟೇಬಲ್ ಮೇಲೆ ಸಾಲಾಗಿ ಮಲಗಿರುತ್ತವೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಗಿರಾಕಿಗಳು ಹೊರಗೆ ಕಾಯಬೇಕು.