ತೂತು ಸಣ್ಣದಾದರೆ ಗೆರೆಯೂ ಸಣ್ಣದಾಗುತ್ತಾ?

ಏರ್‌ಬ್ರಶ್ ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ, ಪೆನ್ನಿನಂಥ ಸಾಧನ. ಅದನ್ನು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದೇ ನಾಝಲ್, ಅಂದರೆ ಬಣ್ಣ ಹೊರಬರುವ ತುದಿಯ ತೂತಿನ ಅಳತೆ. 0.2 ಮಿ.ಮೀ. ಎಂದರೆ ಸಾಕು, ಕಣ್ಣು ಅರಳುತ್ತದೆ. ನಾನೂ ಹಾಗೇ ಬೇಸ್ತು ಬಿದ್ದವನು. ಬೆರಳುದ್ದದ ಮರದ ಲ್ಯೂರ್‌ಗೆ, ಅಂದರೆ ಗಾಳಕ್ಕೆ ಕಟ್ಟುವ ಹುಸಿ ಮೀನಿಗೆ, ಬಣ್ಣ ಹೊಡೆಯಬೇಕಿತ್ತು. ಸಣ್ಣ ಕೆಲಸಕ್ಕೆ ಸಣ್ಣ ತೂತು ಅಂತ ಲೆಕ್ಕ ಹಾಕಿದೆ. ಬೆನ್ನಿಗೆ ಕಪ್ಪು ಚೆನ್ನಾಗಿಯೇ ಕೂತಿತು. ಪಕ್ಕೆಗೆಂದು ಮುತ್ತಿನ ಹೊಳಪಿನ ಬಣ್ಣ ಸುರಿದಿದ್ದೇ ತಡ, ಬ್ರಶ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಆ ಹೊಳಪು ಬರುವುದು ಅಭ್ರಕದ ಚೂರುಗಳಿಂದ. ಅದೇ, ಕಾಗೆಬಂಗಾರ. ಸಾಮಾನ್ಯವಾಗಿ ಒಂದೊಂದು ಚೂರು 10ರಿಂದ 60 ಮೈಕ್ರಾನ್ ಅಗಲ. ನನ್ನ ನಾಝಲ್ 0.2 ಮಿ.ಮೀ., ಅಂದರೆ 200 ಮೈಕ್ರಾನ್. ಆರಾಮಾಗಿ ಹೋಗಬೇಕು, ಅಲ್ವಾ? ಆದರೆ ಆ ತೂತು ಖಾಲಿ ಇರುವುದಿಲ್ಲ. ಒಳಗೆ ಸೂಜಿ ಕೂತಿರುತ್ತದೆ. ಟ್ರಿಗರ್ ಹಿಂದಕ್ಕೆ ಎಳೆದಾಗ ಸೂಜಿ ಚೂರು ಸರಿದು, ಅದರ ಸುತ್ತ ಉಂಗುರದಂಥ ಸಂದು ತೆರೆಯುತ್ತದೆ. ಸಣ್ಣ ಗೆರೆಗೆ ಸ್ವಲ್ಪವೇ ಎಳೆದರೆ ಸಂದು ಅಭ್ರಕದ ಚೂರಿನಷ್ಟೇ ಅಗಲ! ಅರ್ಧ ತೆರೆದ ಬಾಗಿಲಲ್ಲಿ ಬಿಚ್ಚಿದ ಕೊಡೆ ಹಿಡಿದವರು ನುಗ್ಗಿದ ಹಾಗೆ. ಒಬ್ಬ ಹೇಗೋ ಓರೆಯಾಗಿ ನುಸುಳುತ್ತಾನೆ, ಮೂವರು ಒಟ್ಟಿಗೆ ಬಂದರೆ ಮುಗಿಯಿತು.

ಇನ್ನು ಹನಿ. ನಾಝಲ್ ಜರಡಿಯ ಹಾಗೆ ಹನಿಯನ್ನು ಸೋಸಿ ಕಳಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಬಣ್ಣ ಸೂಜಿಯ ಮೈಗೆ ತೆಳು ಪೊರೆಯಾಗಿ ಅಂಟಿಕೊಂಡು ತುದಿಗೆ ಬರುತ್ತದೆ. ಸುತ್ತ ನುಗ್ಗುವ ಗಾಳಿ ಅದನ್ನು ಹರಿದು ಎಳೆಗಳನ್ನಾಗಿ ಮಾಡುತ್ತದೆ. ಬಿರುಗಾಳಿ ಅಲೆಯ ನೆತ್ತಿಯನ್ನು ಕಿತ್ತು ತುಂತುರು ಮಾಡುವುದೂ ಹೀಗೆಯೇ. ಆ ಎಳೆಗಳು ತಾವಾಗಿಯೇ ಹನಿಗಳಾಗಿ ತುಂಡಾಗುತ್ತವೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ನೋಡಿ. ಮೇಲೆ ದಾರ, ಕೆಳಗೆ ಮಣಿಗಳು. ಎಳೆ ತನ್ನ ಸುತ್ತಳತೆಗಿಂತ ಉದ್ದವಾದರೆ ಹಾಗೇ ನಿಲ್ಲಲಾರದು ಎಂದು ಬೆಲ್ಜಿಯಂನ ಜೋಸೆಫ್ ಪ್ಲಾಟೋ ತೋರಿಸಿದ್ದರು. 1873ರಲ್ಲಿ ಆ ಕೆಲಸವನ್ನೆಲ್ಲ ಪುಸ್ತಕ ಮಾಡಿ ಹೊರತಂದಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹನಿಗಳನ್ನು ಬೇರೆಯವರು ನೋಡಿ ಹೇಳಬೇಕಿತ್ತು. ಮೂರೇ ವರ್ಷಕ್ಕೆ, 1876ರಲ್ಲಿ, ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನಕ್ಕೆ ಅಮೆರಿಕದ ಫ್ರಾನ್ಸಿಸ್ ಸ್ಟಾನ್ಲಿ ಪೇಟೆಂಟ್ ಪಡೆದರು. ಮುಂದೆ ಅಣ್ಣತಮ್ಮಂದಿರು ಸೇರಿ ಉಗಿ ಕಾರು ಮಾಡಿದರಲ್ಲ, ಅದೇ ಸ್ಟಾನ್ಲಿ.

ಹಾಗಾಗಿ ಗೆರೆ ಸಣ್ಣಗಾಗಲು ಬಣ್ಣ ತೆಳ್ಳಗಿರಬೇಕು, ಒತ್ತಡ ಕಮ್ಮಿ ಇರಬೇಕು, ಬ್ರಶ್ ಮರಕ್ಕೆ ಮುಟ್ಟುವಷ್ಟು ಹತ್ತಿರ ಹೋಗಬೇಕು. ನಾಝಲ್ ಪಾತ್ರ ಇದ್ದೇ ಇದೆ, ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ.

ಲ್ಯೂರ್‌ಗೆ, ಪುಟ್ಟ ಗೊಂಬೆಗೆ ನಾನು ಹೇಳುವುದು 0.3 ಅಥವಾ 0.35. ತೂತಿನ ವಿಸ್ತೀರ್ಣ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 0.35ರ ತೂತು 0.2ರದಕ್ಕಿಂತ ಮೂರು ಪಟ್ಟು ದೊಡ್ಡದು. ದಪ್ಪ ಚೂರಿನ ಬಣ್ಣವೇ ಜಾಸ್ತಿ ಎಂದರೆ 0.5. ಡಬಲ್ ಆ್ಯಕ್ಷನ್ ಇರಲಿ: ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಕಪ್ಪು ಬೆನ್ನು ಬಿಳಿ ಹೊಟ್ಟೆಗೆ ಕರಗುವುದು ಆ ಬೆರಳಿನ ಹತೋಟಿಯಿಂದಲೇ. ಬಟ್ಟಲು ಮೇಲಿರುವ ಮಾದರಿ ಸಾಕು, ಹತ್ತು ಹನಿ ಬಣ್ಣಕ್ಕೆ ಕೆಳಗೊಂದು ಬಾಟಲಿ ಯಾಕೆ? ಗಾಳಿ ಒದಗಿಸುವ ಕಂಪ್ರೆಸರ್‌ಗೆ ಟ್ಯಾಂಕ್, ನೀರು ಹಿಡಿಯುವ ಫಿಲ್ಟರ್ ಎರಡೂ ಬೇಕು. ಅಕ್ರಿಲಿಕ್ ಬಣ್ಣಕ್ಕೆ ಗಾಳಿಯ ಒತ್ತಡ 15–25 ಪಿಎಸ್‌ಐ. ನೀರಲ್ಲಿ ಕಲಸುವ ಬಣ್ಣವಾದರೂ ಮಾಸ್ಕ್ ಬಿಡಬೇಡಿ.

ಸೂಜಿ ಬಾಗಿದ್ದರೆ ಕಣ್ಣಿಗೆ ಕಾಣಿಸುವುದಿಲ್ಲ. ಅದರ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಹಿಂದಕ್ಕೆ ಎಳೆಯುತ್ತ ತಿರುಗಿಸಿ, ಕೊಕ್ಕೆ ಇದ್ದರೆ ತರಚುತ್ತದೆ. ನನ್ನ 0.2ರದು ತರಚುತ್ತದೆ, ಒಂದು ಸಲ ಮೇಜಿನಿಂದ ಬಿದ್ದಿತ್ತು.